ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ: ಸದಸ್ಯರು ಮತ್ತು ಅವರ ಹೊಣೆ

ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಕಥೋಲಿಕ ಕ್ರೈಸ್ತರ ಒಂದು ಸೇವಾ ಸಂಘ. ಬಡವರ ಮನೆಗೆ ಹೋಗುವುದು ಇದರ ಮೊದಲ ಕೆಲಸ. ಇದು ಗುರುಗಳ ಸಂಸ್ಥೆಯಲ್ಲ, ಕನ್ಯಾಸ್ತ್ರೀಯರ ಮಠವೂ ಅಲ್ಲ. ಹೊಲ, ಅಂಗಡಿ, ನೌಕರಿ, ಮನೆ ಮಕ್ಕಳು ಎಲ್ಲ ಇರುವ ಸಾಮಾನ್ಯ ಗೃಹಸ್ಥರೇ ಇದನ್ನು ನಡೆಸುತ್ತಾರೆ. ಸದಸ್ಯರಿಗೆ ಸಂಬಳವಿಲ್ಲ. ಸುಮಾರು 150 ದೇಶಗಳಲ್ಲಿ ಸಭೆ ಇದೆ. ಸದಸ್ಯರ ಸಂಖ್ಯೆ ಹತ್ತಿರ ಹತ್ತಿರ 8 ಲಕ್ಷ.

ಇಷ್ಟು ದೊಡ್ಡ ಸಂಘದಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂಬ ಹುದ್ದೆಗಳು ಇರುವುದು ಸಹಜ. ಆದರೆ ಕೇಳುಗರು ಒಂದು ಮಾತನ್ನು ಆರಂಭದಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಸಭೆಯಲ್ಲಿ ಹುದ್ದೆ ಇರುವುದು ಮನೆಭೇಟಿ ನಿಲ್ಲದೆ ನಡೆಯಲಿ ಎಂಬುದಕ್ಕಾಗಿ. ಭೇಟಿ ನಿಂತರೆ ಹುದ್ದೆಗೆ ಕೆಲಸವಿಲ್ಲ.

ಈ ಕ್ರಮ ಎಲ್ಲಿಂದ ಬಂತು ಎಂದು ನೋಡಲು 400 ವರ್ಷ ಹಿಂದಕ್ಕೆ ಹೋಗಬೇಕು. ವಿನ್ಸೆಂಟ್ ದೆ ಪಾವ್ಲ್ ಫ್ರಾನ್ಸಿನ ರೈತ ಕುಟುಂಬದಲ್ಲಿ 1581ರಲ್ಲಿ ಹುಟ್ಟಿದವರು. 1617ರಲ್ಲಿ ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಗುರುಗಳಾಗಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧರಾಗುತ್ತಿದ್ದಾಗ ಸುದ್ದಿ ಬಂತು. ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಪ್ರವಚನದಲ್ಲಿ ಅವರು ಈ ಮಾತು ಹೇಳಿದರು. ಮಧ್ಯಾಹ್ನ ಆ ಮನೆಯ ಕಡೆ ನಡೆದಾಗ ದಾರಿಯ ತುಂಬ ಹೆಂಗಸರು. ಎಲ್ಲರ ಕೈಯಲ್ಲೂ ಬುತ್ತಿ. ಒಂದೇ ದಿನಕ್ಕೆ ಆ ಮನೆಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚು ಊಟ ಬಂದಿತ್ತು. ಅಷ್ಟೂ ಉಣ್ಣುವವರಿಲ್ಲದೆ ಕೆಡುತ್ತದೆ, ನಾಳೆ ಆ ಮನೆ ಮತ್ತೆ ಹಸಿದು ಮಲಗುತ್ತದೆ.

ವಿನ್ಸೆಂಟರಿಗೆ ಅಲ್ಲಿ ಕಂಡದ್ದು ಸ್ಪಷ್ಟ. ಜನರ ಮನಸ್ಸಿನಲ್ಲಿ ಕರುಣೆಗೆ ಕೊರತೆಯಿಲ್ಲ, ಕೊರತೆ ಇರುವುದು ಸರದಿಗೆ. ಅವರು ಆ ಹೆಂಗಸರನ್ನೇ ಕೂಡಿಸಿ ಒಂದು ಬಳಗ ಕಟ್ಟಿದರು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಎಂದು ಸರದಿ ಗೊತ್ತುಮಾಡಿದರು. ಬಳಗಕ್ಕೆ ಒಬ್ಬ ಮುಖ್ಯಸ್ಥೆ ಇದ್ದರು. ಹಣಕಾಸು ನೋಡಲು ಬೇರೆಯವರಿದ್ದರು. ನಿಯಮಗಳನ್ನೂ ಬರೆದರು. ಅವುಗಳಲ್ಲಿ ಒಂದು ಇಂದಿಗೂ ನೆನೆಯುವಂಥದ್ದು. ರೋಗಿಗಳಿಗೆ ಊಟ ಒಯ್ಯುವಾಕೆ ಮೊದಲು ನೋಡಿಕೊಳ್ಳುವವರು ಇರುವ ಮನೆಗೆ ಹೋಗಬೇಕು. ಯಾರೂ ಇಲ್ಲದ ಒಂಟಿ ರೋಗಿಯ ಮನೆಗೆ ಕೊನೆಗೆ ಹೋಗಬೇಕು. ಆಗ ಮುಂದಿನ ಮನೆಯ ಅವಸರ ಇರುವುದಿಲ್ಲ, ಅಲ್ಲಿ ಹೆಚ್ಚು ಹೊತ್ತು ಕೂರಬಹುದು. ಒಬ್ಬ ಸದಸ್ಯೆಯ ನಡಿಗೆಯನ್ನು ಇಷ್ಟು ಹತ್ತಿರದಿಂದ ಯೋಚಿಸಿ ಬರೆದ ನಿಯಮ ಅಪರೂಪ.

ಇಂದಿನ ಸಭೆ ಹುಟ್ಟಿದ್ದು ಆಮೇಲೆ, ವಿನ್ಸೆಂಟರು ತೀರಿಕೊಂಡು 170ಕ್ಕೂ ಹೆಚ್ಚು ವರ್ಷವಾದ ಮೇಲೆ. 1832ರಲ್ಲಿ ಪ್ಯಾರಿಸ್ ನಗರಕ್ಕೆ ಕಾಲರಾ ಬಂತು. 18 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಡವರ ಕೇರಿಗಳಲ್ಲಿ ಮನೆ ಮನೆಗೂ ಸಾವು. ಆಗ ಫ್ರೆಡರಿಕ್ ಓಜನಾಂ ಅಲ್ಲಿ ಕಾಲೇಜು ವಿದ್ಯಾರ್ಥಿ. ಚರ್ಚಾಕೂಟವೊಂದರಲ್ಲಿ ಅವರ ಗೆಳೆಯರಿಗೆ ಸವಾಲು ಬಂತು. ನಿಮ್ಮ ಧರ್ಮ ಹಿಂದೆ ಏನೇನೋ ಮಾಡಿರಬಹುದು, ಈಗ ನೀವು ಏನು ಮಾಡುತ್ತಿದ್ದೀರಿ ಎಂಬ ಸವಾಲು. ಉತ್ತರವಾಗಿ 1833ರ ಏಪ್ರಿಲ್ 23ರಂದು ಒಂದು ಪತ್ರಿಕಾ ಕಚೇರಿಯಲ್ಲಿ ಸಣ್ಣ ಗುಂಪು ಸೇರಿತು. ಆ ದಿನ ಓಜನಾಂ ಅವರಿಗೆ 20 ವರ್ಷ ತುಂಬಿತ್ತು. ಬಡವರ ಮನೆ ಎಲ್ಲಿ, ಒಳಗೆ ಹೋದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂದು ಈ ಹುಡುಗರಿಗೆ ಕಲಿಸಿದವರು ರೊಸಾಲಿ ರೆಂದು ಎಂಬ ಕನ್ಯಾಸ್ತ್ರೀ. ಅವರು ಅಂಥ ಒಂದು ಕೇರಿಯಲ್ಲೇ ದಶಕಗಳಿಂದ ದುಡಿಯುತ್ತಿದ್ದವರು.

ಮೊದಲ ಅಧ್ಯಕ್ಷರಾದವರು ಪತ್ರಿಕೆಯ ಸಂಪಾದಕ ಇಮಾನ್ಯುಯೆಲ್ ಬಾಯಿ, ಗುಂಪಿನಲ್ಲಿ ಹಿರಿಯರು. ಸ್ಥಾಪಕರೆಂದು ಲೋಕವೆಲ್ಲ ಹೆಸರಿಸುವ ಓಜನಾಂ ಸಭೆಯ ಪ್ರಧಾನ ಅಧ್ಯಕ್ಷರಾಗಲೇ ಇಲ್ಲ. ಅವರು ಉಪಾಧ್ಯಕ್ಷರಾಗಿದ್ದರು, ಪ್ರಾಧ್ಯಾಪಕರಾದ ಮೇಲೂ ಬಡವರ ಮನೆಗಳಿಗೆ ಹೋಗುತ್ತಿದ್ದರು. 1853ರಲ್ಲಿ, 40ನೇ ವಯಸ್ಸಿನಲ್ಲಿ ತೀರಿಕೊಂಡರು. ಪೋಪ್ ಎರಡನೆಯ ಜಾನ್ ಪಾಲ್ 1997ರಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಹುದ್ದೆಗಾಗಿ ಪೈಪೋಟಿ ನಡೆಯುವ ಸಂಘಗಳಲ್ಲಿ ಈ ಸಂಗತಿಯನ್ನು ಆಗಾಗ ಓದಿ ಹೇಳಬೇಕು.

ಸಭೆ ಹುಟ್ಟಿದ ಬಗೆ ಇದು. ಇನ್ನು ಅದು ಇಲ್ಲಿಗೆ ಬಂದ ದಾರಿ. ಭಾರತದಲ್ಲಿ ಸಭೆ 1863ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮಂಗಳೂರು, ಉಡುಪಿ, ಬೆಂಗಳೂರು ಕಡೆಯ ಚರ್ಚುಗಳಲ್ಲಿ ಇದರ ಹೆಸರು ಮನೆಮಾತು. ಕಡೂರು, ತರೀಕೆರೆ, ಅಜ್ಜಂಪುರ ತಾಲೂಕುಗಳು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರುತ್ತವೆ. ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು 1963ರಲ್ಲಿ ಆದ ಧರ್ಮಕ್ಷೇತ್ರ ಇದು. ಮಲೆನಾಡಿನ ಕಾಫಿ ತೋಟಗಳ ಕಡೆ ಚರ್ಚುಗಳು ಹೆಚ್ಚು. ಬಯಲು ಸೀಮೆಯ ಕಡೆ ಕ್ರೈಸ್ತ ಕುಟುಂಬಗಳು ಚದುರಿಕೊಂಡಿವೆ.

ಕಡೂರು ತಾಲೂಕಿನ ಎಮ್ಮೆದೊಡ್ಡಿ ಸೀಮೆಯನ್ನು ಬಲ್ಲವರಿಗೆ ಇದರ ಅರ್ಥ ಬೇಗ ಆಗುತ್ತದೆ. ಬಾಬಾಬುಡನ್ ಗಿರಿಸಾಲಿನ ಆಚೆ ಮಳೆ ಸುರಿಯುತ್ತದೆ, ಈಚೆ ಮೋಡ ಹಾದುಹೋಗುತ್ತದೆ. ಅಲ್ಲಿನ ಮದಗದ ಕೆರೆ ತುಂಬಿದ ವರ್ಷ ಒಂದು ಲೆಕ್ಕ, ತುಂಬದ ವರ್ಷ ಇನ್ನೊಂದು ಲೆಕ್ಕ. ರಾಗಿ ಕೈಗೆ ಹತ್ತದಿದ್ದರೆ, ಬೋರ್‌ವೆಲ್ ಬತ್ತಿ ತೆಂಗು ಅಡಿಕೆ ಒಣಗಿದರೆ, ಗಟ್ಟಿ ಆಳುಗಳು ಕೂಲಿ ಹುಡುಕಿಕೊಂಡು ಹೋಗುತ್ತಾರೆ. ಹಟ್ಟಿಯಲ್ಲಿ ಉಳಿಯುವವರು ವಯಸ್ಸಾದವರು ಮತ್ತು ಸಣ್ಣ ಮಕ್ಕಳು. ಒಂದು ಹಟ್ಟಿಯಿಂದ ಇನ್ನೊಂದಕ್ಕೆ ದೂರ. ಮನೆಭೇಟಿಯನ್ನೇ ಉಸಿರಾಗಿಸಿಕೊಂಡ ಸಭೆಯ ನಿಯಮಗಳನ್ನು ಇಂಥ ನೆಲದ ಮೇಲೆ ಇಟ್ಟು ನೋಡಿದರೆ ಅವುಗಳ ಉದ್ದೇಶ ಸರಿಯಾಗಿ ತಿಳಿಯುತ್ತದೆ.

ಮೊದಲಿಗೆ ಸದಸ್ಯರು ಯಾರು ಎಂಬ ಪ್ರಶ್ನೆ. ಸಭೆಯ ಮೂಲ ಘಟಕಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಚರ್ಚಿಗೆ ಒಂದು ಘಟಕ. ಶಾಲೆ ಕಾಲೇಜುಗಳಲ್ಲಿ ಯುವಕರ ಘಟಕಗಳೂ ಉಂಟು. ಘಟಕದ ಜೀವಾಳ ಸಕ್ರಿಯ ಸದಸ್ಯರು. ಇವರು ಘಟಕದ ಸಭೆಗೆ ತಪ್ಪದೆ ಬರುತ್ತಾರೆ, ಜೊತೆಗೂಡಿ ಪ್ರಾರ್ಥಿಸುತ್ತಾರೆ, ಮನೆಭೇಟಿಗೆ ಹೋಗುತ್ತಾರೆ. ಈ ಮೂರೂ ಸೇರಿದರೆ ಮಾತ್ರ ಸಕ್ರಿಯ ಸದಸ್ಯತ್ವ. ವಾರದ ಸಭೆಗೆ ಬರಲಾಗದಿದ್ದರೂ ಪ್ರಾರ್ಥನೆಯಲ್ಲಿ, ದುಡಿಮೆಯಲ್ಲಿ ಕೈಜೋಡಿಸುವವರು ಸಹ ಸದಸ್ಯರು. ಇನ್ನು ಕೆಲವರು ಹಣ, ಅಕ್ಕಿ, ಬಟ್ಟೆ, ಔಷಧಿ ಕೊಡುತ್ತಾರೆ. ಅವರನ್ನು ದಾನಿಗಳೆಂದು ಗೌರವಿಸುತ್ತಾರೆ. ಆದರೆ ದೊಡ್ಡ ಮೊತ್ತ ಕೊಟ್ಟ ಮಾತ್ರಕ್ಕೆ ಘಟಕದ ತೀರ್ಮಾನಗಳ ಮೇಲೆ ಹಿಡಿತ ಬರುವುದಿಲ್ಲ. ಹತ್ತು ಸಾವಿರ ಕೊಟ್ಟವರಿಗಿಂತ ಹತ್ತು ಮನೆಗೆ ಹೋಗಿ ಬಂದವರ ಮಾತಿಗೆ ಅಲ್ಲಿ ತೂಕ ಹೆಚ್ಚು. ಇದು ಸರಿಯಾದ ಕ್ರಮವೇ.

ಆರಂಭದಲ್ಲಿ ಗಂಡಸರಿಗೆ ಮಾತ್ರ ಸದಸ್ಯತ್ವ ಇತ್ತು. 1856ರಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಹೆಂಗಸರು ಬೇರೆಯೇ ಸಂಘ ಕಟ್ಟಿಕೊಂಡರು. ಎರಡೂ ಒಂದಾದದ್ದು ನೂರಕ್ಕೂ ಹೆಚ್ಚು ವರ್ಷ ಕಳೆದು, 1967ರಲ್ಲಿ. ಬಾಣಂತಿಯರು, ವಿಧವೆಯರು, ಒಂಟಿ ಮುದುಕಿಯರು ಇರುವ ಮನೆಗೆ ಹೆಂಗಸರು ಹೋದರೆ ಹೊರಬರುವ ಮಾತೇ ಬೇರೆ. ಆ ತಡ ಆಗಬಾರದಿತ್ತು.

ಇಲ್ಲಿಯವರೆಗೆ ಸದಸ್ಯರ ಬಗೆಗಳು. ಇನ್ನು ಅವರ ದೊಡ್ಡ ಹೊಣೆ, ಮನೆಭೇಟಿ. ಭೇಟಿಗೆ ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ಹಣದ ವಿಷಯದಲ್ಲಿ ಅನುಮಾನಕ್ಕೆ ಎಡೆ ಇರುವುದಿಲ್ಲ. ಹೊಸಬರು ಹಳಬರ ಜೊತೆ ಹೋಗಿ ಕಲಿಯುತ್ತಾರೆ.

ಕೇಳುಗರು ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಹಟ್ಟಿಯ ಕೊನೆಯ ಮನೆ, ತಗ್ಗಿದ ಹೆಂಚಿನ ಮಾಡು. ಒಳಗೆ ಒಬ್ಬ ಅಜ್ಜಿ ಒಂಟಿಯಾಗಿದ್ದಾರೆ. ಬಂದ ಇಬ್ಬರು ಹೊಸ್ತಿಲ ಹೊರಗೇ ನಿಂತು, "ಅಜ್ಜಿ, ಒಳಗೆ ಬರಬಹುದಾ?" ಎಂದು ಕೇಳುತ್ತಾರೆ. ಅಪ್ಪಣೆ ಸಿಕ್ಕ ಮೇಲೆ ಒಳಗೆ ಹೋಗುತ್ತಾರೆ. ಅಜ್ಜಿ ಚಾಪೆ ಹಾಸಿದರೆ ಚಾಪೆಯ ಮೇಲೆ ಕೂರುತ್ತಾರೆ. ಮಜ್ಜಿಗೆ ಕೊಟ್ಟರೆ ಕುಡಿಯುತ್ತಾರೆ. ಕೊಡುವ ಸುಖ ಅಜ್ಜಿಗೂ ಇರಲಿ. ನಿಂತುಕೊಂಡೇ ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಚೀಲ ಇಟ್ಟು ಫೋಟೋ ತೆಗೆಸಿಕೊಳ್ಳುವುದು ಭೇಟಿಯಲ್ಲ.

ಮಾತು ನಿಧಾನವಾಗಿ ಬರುತ್ತದೆ. ಮೊದಲು ಮೊಣಕಾಲು ನೋವು, ಆಮೇಲೆ ಮಗನ ಸುದ್ದಿ. ತುಂಬ ಹೊತ್ತಾದ ಮೇಲೆ, ಪಿಂಚಣಿ ಬಂದು ಎಷ್ಟೋ ತಿಂಗಳಾಯಿತು ಎಂಬ ಮಾತು ಹೊರಡುತ್ತದೆ. ಅಜ್ಜಿಗೆ ಬೇಕಾದದ್ದು ಅಕ್ಕಿಯ ಚೀಲವಲ್ಲ ಎಂಬುದು ಆಗ ಗೊತ್ತಾಗುತ್ತದೆ. ಸಂಧ್ಯಾ ಸುರಕ್ಷಾ ಹಣ ನಿಂತಿದೆ. ಬ್ಯಾಂಕಿನ ಖಾತೆಗೂ ಆಧಾರ್‌ಗೂ ಹೊಂದಾಣಿಕೆ ಆಗಿಲ್ಲ. ಒಬ್ಬ ಸದಸ್ಯ ಪಾಸ್‌ಬುಕ್ಕು, ಆಧಾರ್ ಕಾರ್ಡು, ಪಡಿತರ ಚೀಟಿ ನೋಡಿ, ಅಜ್ಜಿಯನ್ನು ಬಸ್ಸಿಗೆ ಹತ್ತಿಸಿಕೊಂಡು ಬ್ಯಾಂಕಿಗೂ ನಾಡಕಚೇರಿಗೂ ಹೋಗಿ ಬರಬೇಕು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಆಗುತ್ತದೆ. ಆದರೆ ಆ ಪಿಂಚಣಿ ಮತ್ತೆ ಶುರುವಾದರೆ, ತಿಂಗಳಿಗೊಮ್ಮೆ ಐದು ಕಿಲೋ ಅಕ್ಕಿ ಕೊಡುವುದಕ್ಕಿಂತ ಅದು ಎಷ್ಟೋ ದೊಡ್ಡ ಉಪಕಾರ. ಬಡವರು ಮತ್ತೆ ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದೇ ಸಭೆಯ ನಿಯಮದ ಆಶಯ. ಒಂದು ಮನೆ ವರ್ಷಗಟ್ಟಲೆ ಭೇಟಿಯ ಪಟ್ಟಿಯಲ್ಲೇ ಉಳಿದಿದ್ದರೆ, ಘಟಕ ತನ್ನ ಕೆಲಸವನ್ನೇ ಒಮ್ಮೆ ಪ್ರಶ್ನಿಸಿಕೊಳ್ಳಬೇಕು.

ಭೇಟಿಗೆ ಅಂಟಿಕೊಂಡ ಎರಡು ಕಟ್ಟುಪಾಡುಗಳನ್ನು ಇಲ್ಲೇ ಹೇಳಬೇಕು. ಒಂದು, ಗುಟ್ಟು. ಆ ಮನೆಯಲ್ಲಿ ಕೇಳಿದ್ದು ಘಟಕದ ಸಭೆಯ ಆಚೆ ಹೋಗಬಾರದು. ಸಣ್ಣ ಊರಿನಲ್ಲಿ ಇದು ಕಷ್ಟದ ಮಾತು. ಹಾಲಿನ ಡೇರಿಯಲ್ಲೋ ಬಸ್ ಸ್ಟಾಪಿನಲ್ಲೋ ಬಾಯಿ ಜಾರಿದರೆ ಸಾಕು, ಆ ಮನೆಯವರು ತಲೆ ಎತ್ತಿ ಓಡಾಡುವಂತಿಲ್ಲ. ಎರಡನೆಯದು, ಭೇದವಿಲ್ಲದಿರುವುದು. ಜಾತಿ, ಧರ್ಮ, ಪಕ್ಷ ನೋಡದೆ ಸಹಾಯ ಮಾಡಬೇಕೆಂದು ಸಭೆಯ ನಿಯಮವೇ ಹೇಳುತ್ತದೆ. ಕ್ರೈಸ್ತರ ಕೆಲವೇ ಮನೆಗಳಿರುವ ಬಯಲು ಸೀಮೆಯಲ್ಲಿ ಪಟ್ಟಿಯ ಹೆಚ್ಚಿನ ಮನೆಗಳು ಅನ್ಯಧರ್ಮದವರವೇ ಆಗಬಹುದು, ಆಗಬೇಕು ಕೂಡ. ಸಹಾಯಕ್ಕೆ ಪ್ರತಿಯಾಗಿ ಪೂಜೆಗೆ ಬನ್ನಿ ಎನ್ನುವಂತಿಲ್ಲ. ಹಸಿವಿನ ಜೊತೆ ಧರ್ಮವನ್ನು ಬೆರೆಸಿದರೆ ಎರಡಕ್ಕೂ ಅವಮಾನ.

ಭೇಟಿಯಾಯಿತು. ಇನ್ನು ಸಭೆ ಸೇರುವ ಬಗೆ. ಘಟಕ ವಾರಕ್ಕೊಮ್ಮೆ, ಇಲ್ಲವೇ ಹದಿನೈದು ದಿನಕ್ಕೊಮ್ಮೆ ಸೇರುತ್ತದೆ. ಆರಂಭದಲ್ಲಿ ಪ್ರಾರ್ಥನೆ, ಸ್ವಲ್ಪ ಓದು. ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಖಜಾಂಚಿ ಕೈಯಲ್ಲಿರುವ ಹಣ ತಿಳಿಸುತ್ತಾರೆ. ಆಮೇಲೆ ಒಂದೊಂದೇ ಜೋಡಿ ತಮ್ಮ ಭೇಟಿಯ ವರದಿ ಹೇಳುತ್ತದೆ. ಯಾವ ಮನೆಗೆ ಏನು ಬೇಕು ಎಂಬುದನ್ನು ಎಲ್ಲರೂ ಕೂಡಿ ತೀರ್ಮಾನಿಸುತ್ತಾರೆ. ಅಧ್ಯಕ್ಷರು ಒಬ್ಬರೇ ತೀರ್ಮಾನಿಸುವುದಿಲ್ಲ.

ಸಭೆಯ ಕೊನೆಗೆ ಗುಪ್ತ ಕಾಣಿಕೆ. ಬಾಯಿ ಮುಚ್ಚಿದ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿಯೊಬ್ಬರೂ ಮುಷ್ಟಿ ಕಟ್ಟಿ ಒಳಗೆ ಕೈ ಇಳಿಸುತ್ತಾರೆ. ನೂರು ಹಾಕಿದವರೂ, ಐದು ಹಾಕಿದವರೂ, ಏನೂ ಹಾಕಲಾಗದವರೂ ಅದೇ ರೀತಿ ಕೈ ಹಾಕಿ ತೆಗೆಯುತ್ತಾರೆ. ಯಾರದು ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಖಜಾಂಚಿ ಒಟ್ಟು ಮೊತ್ತವನ್ನು ಮಾತ್ರ ಎಣಿಸಿ ಬರೆದುಕೊಳ್ಳುತ್ತಾರೆ. ಕೂಲಿ ಮಾಡುವ ಸದಸ್ಯನೂ ಕಾಫಿ ತೋಟದ ಮಾಲೀಕನೂ ಒಂದೇ ಬೆಂಚಿನಲ್ಲಿ ಸಮನಾಗಿ ಕೂರುವಂತೆ ಮಾಡುವುದು ಈ ಚೀಲ. ದಾನಿಗಳ ಹೆಸರನ್ನು ಫಲಕದಲ್ಲಿ ಕೆತ್ತಿಸುವ ಊರುಗಳಿಗೆ ಇದು ಹೊಸದಾಗಿ ಕಾಣಬಹುದು. ಆದರೆ ಪ್ಯಾರಿಸ್ಸಿನ ಆ ವಿದ್ಯಾರ್ಥಿಗಳ ಕಾಲದಿಂದಲೂ ಸಭೆಯಲ್ಲಿ ಕಾಣಿಕೆ ಎತ್ತುವ ರೂಢಿ ಇದೆ.

ಸದಸ್ಯರು, ಮನೆಭೇಟಿ, ವಾರದ ಸಭೆ ಇವಿಷ್ಟೂ ಆದ ಮೇಲೆ ಪದಾಧಿಕಾರಿಗಳ ಮಾತು. ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ, ನಿಗದಿತ ಅವಧಿಗೆ ಮಾತ್ರ. ಸಭೆಯ ನಿಯಮ ಅಧ್ಯಕ್ಷರಿಂದ ಬಯಸುವುದು ಸೇವಕನ ನಡತೆ. ಯಾರು ಯಾವ ಮನೆಗೆ ಹೋಗಬೇಕು ಎಂದು ಹಂಚುವುದು ಅವರ ಕೆಲಸ. ಎರಡು ಸಭೆಗೆ ಬಾರದ ಸದಸ್ಯರ ಮನೆಗೆ ಹೋಗಿ ವಿಚಾರಿಸುವುದೂ ಅವರದೇ. ಸದಸ್ಯರ ಮನೆಯಲ್ಲೂ ಕಷ್ಟ ಇರಬಹುದು. ಉಪಾಧ್ಯಕ್ಷರು ಅಧ್ಯಕ್ಷರಿಲ್ಲದಾಗ ಕೆಲಸ ನಡೆಸುತ್ತಾರೆ.

ಕಾರ್ಯದರ್ಶಿ ನಡಾವಳಿ ಬರೆಯುತ್ತಾರೆ, ಭೇಟಿಯ ದಾಖಲೆ ಕಾಪಾಡುತ್ತಾರೆ, ವರ್ಷದ ವರದಿ ತಯಾರಿಸುತ್ತಾರೆ. ನಡಾವಳಿಯಲ್ಲಿ ಸಹಾಯ ಪಡೆದವರ ಹೆಸರು ಬರೆಯದೆ ಸಂಖ್ಯೆ ಹಾಕುವುದು ಒಳ್ಳೆಯ ಪದ್ಧತಿ. ಪುಸ್ತಕ ಯಾರದೋ ಮೇಜಿನ ಮೇಲೆ ಉಳಿದರೂ ಮನೆಯ ಮಾನ ಉಳಿಯುತ್ತದೆ.

ಖಜಾಂಚಿಯ ಹೊಣೆ ಎಲ್ಲಕ್ಕಿಂತ ಸೂಕ್ಷ್ಮ. ಬಂದ ಪ್ರತಿ ರೂಪಾಯಿಗೆ ರಸೀದಿ, ಹೋದ ಪ್ರತಿ ರೂಪಾಯಿಗೆ ಚೀಟಿ ಇರಬೇಕು. ಬ್ಯಾಂಕಿನ ಖಾತೆಗೆ ಒಬ್ಬರ ಸಹಿ ಸಾಲದು. ಘಟಕದ ಹಣವನ್ನು ಎರಡು ದಿನದ ಮಟ್ಟಿಗೂ ಸ್ವಂತಕ್ಕೆ ತಿರುಗಿಸುವಂತಿಲ್ಲ. ಹಣ ಕೂಡಿಡುವುದೂ ಸಭೆಯ ಸ್ವಭಾವಕ್ಕೆ ಒಗ್ಗದು. ಬಡವರಿಗೆಂದು ಬಂದ ಹಣ ಬಡವರಿಗೆ ಹೋಗಬೇಕು ಎಂದು ನಿಯಮ ಒತ್ತಿ ಹೇಳುತ್ತದೆ. ಪಟ್ಟಿಯ ಮನೆಗಳಲ್ಲಿ ಔಷಧಿಗೆ ಗತಿಯಿಲ್ಲದಿರುವಾಗ ಘಟಕದ ಠೇವಣಿ ಬೆಳೆಯುತ್ತಿದ್ದರೆ ಅದು ಹೆಮ್ಮೆಯ ಸಂಗತಿಯಲ್ಲ.

ಇನ್ನು ಆಧ್ಯಾತ್ಮಿಕ ಸಲಹೆಗಾರರು. ಹೆಚ್ಚಾಗಿ ಚರ್ಚಿನ ಗುರುಗಳೇ ಈ ಸ್ಥಾನದಲ್ಲಿ ಇರುತ್ತಾರೆ. ಪ್ರಾರ್ಥನೆ, ಓದು, ಸದಸ್ಯರ ಒಳಗಿನ ಬೆಳವಣಿಗೆ ಅವರ ಪಾಲು. ಆಡಳಿತ ಸದಸ್ಯರ ಪಾಲು. ಗುರುಗಳು ವರ್ಗವಾಗಿ ಹೋದರೂ ಘಟಕ ನಡೆಯಬೇಕು. ಎಲ್ಲವನ್ನೂ ಫಾದರ್ ಮೇಲೆ ಹಾಕಿ ಕುಳಿತ ಘಟಕ ಹೊಸ ಫಾದರ್ ಬಂದಾಗ ನಿಂತುಹೋಗುತ್ತದೆ.

ಒಂದು ಘಟಕದ ಒಳಗಿನ ವ್ಯವಸ್ಥೆ ಇಷ್ಟು. ಅದರ ಮೇಲಿನ ಹಂತಗಳನ್ನು ಬೇಗ ನೋಡಬಹುದು. ಹತ್ತಿರದ ಕೆಲವು ಘಟಕಗಳು ಸೇರಿ ಒಂದು ಪ್ರಾದೇಶಿಕ ಪರಿಷತ್ತು. ಅವುಗಳ ಮೇಲೆ ಕೇಂದ್ರ ಪರಿಷತ್ತು, ಸಾಮಾನ್ಯವಾಗಿ ಧರ್ಮಕ್ಷೇತ್ರದ ಮಟ್ಟದ್ದು. ಅದರ ಮೇಲೆ ರಾಷ್ಟ್ರೀಯ ಪರಿಷತ್ತು. ಎಲ್ಲಕ್ಕೂ ಮೇಲೆ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪರಿಷತ್ತು. ಪರಿಷತ್ತುಗಳು ಇರುವುದು ಘಟಕಗಳಿಗೆ ನೆರವಾಗಲು. ಹೊಸ ಸದಸ್ಯರಿಗೆ ತರಬೇತಿ, ಲೆಕ್ಕದ ತಪಾಸಣೆ, ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯಿಂದ ತುಂಬುವುದು ಅವುಗಳ ಕೆಲಸ.

ಕೊರತೆ ತುಂಬುವ ಒಂದು ಹಳೆಯ ದಾರಿ ಅವಳಿ ಸಂಬಂಧ. ಅನುಕೂಲವಿರುವ ಒಂದು ಘಟಕ ಬಡ ಪ್ರದೇಶದ ಇನ್ನೊಂದು ಘಟಕಕ್ಕೆ ಜೊತೆಯಾಗುತ್ತದೆ. ಹಣದ ಜೊತೆಗೆ ಪತ್ರ, ಸುದ್ದಿ, ಪ್ರಾರ್ಥನೆಯೂ ಹೋಗಿಬರುತ್ತವೆ. ಮಲೆನಾಡಿನ ತೋಟದ ಊರಿನ ಘಟಕವೊಂದು ಬಯಲು ಸೀಮೆಯ ಘಟಕಕ್ಕೆ ಹೀಗೆ ಜೊತೆಯಾಗಬಹುದು. ಹೊರದೇಶದಿಂದ ಹಣ ತರಿಸುವುದಾದರೆ ಮಾತು ಬೇರೆ. ವಿದೇಶಿ ದೇಣಿಗೆಯ 2010ರ ಕಾಯ್ದೆಯಡಿ ನೋಂದಣಿಯೋ ಅನುಮತಿಯೋ ಇಲ್ಲದ ಸಂಘ ಅಂಥ ಹಣ ಪಡೆಯುವಂತಿಲ್ಲ. ಹಾಗೆ ಪಡೆದದ್ದನ್ನು ಬೇರೆ ಸಂಘಕ್ಕೆ ದಾಟಿಸುವುದನ್ನೂ 2020ರ ತಿದ್ದುಪಡಿ ತಡೆದಿದೆ. ಊರಿನ ಘಟಕಗಳ ಪದಾಧಿಕಾರಿಗಳು ಇದನ್ನು ತಿಳಿದಿರಲೇಬೇಕು. ಸಂಬಂಧಿಕರು ಹೊರದೇಶದಿಂದ ಪ್ರೀತಿಯಿಂದ ಕಳಿಸಿದ ಹಣವೇ ಘಟಕಕ್ಕೆ ತೊಡಕಾಗಬಹುದು.

ಉಳಿದಿರುವುದು ಸದಸ್ಯತ್ವದ ಆರಂಭ ಮತ್ತು ಹುದ್ದೆಯ ಕೊನೆ. ಸೇರಬಯಸುವವರು ಕೆಲವು ಸಭೆಗಳಿಗೆ ಬಂದು ಕೂರುತ್ತಾರೆ, ಹಳಬರ ಜೊತೆ ಕೆಲವು ಮನೆಗಳಿಗೆ ಹೋಗಿ ಬರುತ್ತಾರೆ. ಈ ಕೆಲಸ ತಮಗೆ ಒಗ್ಗುತ್ತದೆಯೇ ಎಂದು ಅವರೂ ನೋಡಿಕೊಳ್ಳುತ್ತಾರೆ, ಘಟಕವೂ ನೋಡುತ್ತದೆ. ಸಂತ ವಿನ್ಸೆಂಟರ ಹಬ್ಬ ಸೆಪ್ಟೆಂಬರ್ 27ಕ್ಕೆ. ಹೊಸಬರನ್ನು ಬಲಿಪೂಜೆಯಲ್ಲಿ ಬರಮಾಡಿಕೊಳ್ಳಲು, ಹಳಬರು ತಮ್ಮ ಮಾತನ್ನು ಹೊಸದು ಮಾಡಿಕೊಳ್ಳಲು ಹಲವು ಘಟಕಗಳು ಆ ದಿನವನ್ನೋ ಅದರ ಹತ್ತಿರದ ಭಾನುವಾರವನ್ನೋ ಆರಿಸಿಕೊಳ್ಳುತ್ತವೆ.

ಅವಧಿ ಮುಗಿದ ಅಧ್ಯಕ್ಷರು ಪುಸ್ತಕಗಳನ್ನು, ಮೊಹರನ್ನು, ನಡೆಯುತ್ತಿರುವ ಭೇಟಿಗಳ ಪಟ್ಟಿಯನ್ನು ಹೊಸಬರಿಗೆ ಒಪ್ಪಿಸುತ್ತಾರೆ. ಖಜಾಂಚಿ ಬ್ಯಾಂಕಿನ ಪಾಸ್‌ಬುಕ್ಕು ಮತ್ತು ನಗದನ್ನು ಸಭೆಯ ಎದುರೇ ಎಣಿಸಿ ಕೊಡುತ್ತಾರೆ. ಪದವಿ ಬಿಟ್ಟವರಿಗೆ ಗೌರವ ಹುದ್ದೆ ಸೃಷ್ಟಿಸುವ ಅಗತ್ಯವಿಲ್ಲ. ಅವರು ಮತ್ತೆ ಸಕ್ರಿಯ ಸದಸ್ಯರೇ. ಮುಂದಿನ ವಾರ ಯಾವ ಮನೆಗೆ, ಯಾರ ಜೊತೆ ಹೋಗಬೇಕೆಂದು ಹೊಸ ಅಧ್ಯಕ್ಷರು ಅವರಿಗೂ ಹೇಳುತ್ತಾರೆ.